ಬೆಳಗಿನ ಜಾವ 4.47: ಪೈಲಟ್‌ಗಳ ನಿದ್ದೆಗೆ ಬೆಲೆ ಕಟ್ಟಿದವರು ಯಾರು?

ವಿಮಾನ ಹೊರಡುವ ಮುಂಚೆ ಆ ಇಬ್ಬರು ಮಾತಾಡಿಕೊಂಡಿದ್ದು ನಿದ್ದೆಯ ಬಗ್ಗೆ.

2013ರ ಆಗಸ್ಟ್ 14. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಿಲ್ದಾಣದಲ್ಲಿ ಯುಪಿಎಸ್ ಕಂಪನಿಯ ಸರಕು ವಿಮಾನ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೊರಡಲು ಸಿದ್ಧವಾಗಿತ್ತು. ಏರ್‌ಬಸ್ ಎ300, ಫ್ಲೈಟ್ ನಂಬರ್ 1354. ಒಳಗೆ ಪಾರ್ಸೆಲ್‌ಗಳು, ಮುಂದೆ ಇಬ್ಬರು ಪೈಲಟ್‌ಗಳು. ಪ್ರಯಾಣಿಕರ ವಿಮಾನ ಓಡಿಸುವವರಿಗೆ ವಿಶ್ರಾಂತಿಯ ಹೊಸ ನಿಯಮ ಬರ್ತಿದೆ, ನಮಗೆ ಮಾತ್ರ ಇಲ್ಲ, ಎಲ್ಲರಿಗೂ ಒಂದೇ ನಿಯಮ ಇರಬೇಕಲ್ವಾ ಅನ್ನೋ ಅರ್ಥದ ಮಾತುಗಳು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ದಾಖಲಾಗಿವೆ. ಫಸ್ಟ್ ಆಫೀಸರ್ ತಾನು ದಣಿದಿದ್ದೇನೆ ಅಂತಲೂ ಹೇಳಿಕೊಂಡಿದ್ದರು.

ಬೆಳಗಿನ ಜಾವ ಸುಮಾರು 4.47ಕ್ಕೆ ಆ ವಿಮಾನ ಬರ್ಮಿಂಗ್‌ಹ್ಯಾಮ್ ರನ್‌ವೇಗೆ ಇನ್ನೂ ಒಂದು ಮೈಲಿಯೊಳಗಿನ ದೂರ ಇರುವಾಗಲೇ ಮರಗಳಿಗೆ ಬಡಿದು ಗುಡ್ಡಕ್ಕೆ ಅಪ್ಪಳಿಸಿತು. ಇಬ್ಬರೂ ಸತ್ತರು. ದಣಿವಿನ ಬಗ್ಗೆ ಅವರು ಆಡಿದ ಮಾತು ತನಿಖೆಯ ಕಡತದಲ್ಲಿ ಉಳಿಯಿತು.

ಇಷ್ಟು ವರ್ಷದ ಹಿಂದಿನ, ಅದೂ ಸಾವಿರಾರು ಮೈಲಿ ದೂರದ ಒಂದು ಅಪಘಾತದ ಬಗ್ಗೆ ಈಗ ಯಾಕೆ ಬರೀತಿದ್ದೀನಿ ಅಂತ ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಕಾರ್ಮಿಕರ ದಣಿವು ಅನ್ನೋದು ಎಲ್ಲಿ 'ವೈಯಕ್ತಿಕ ತಪ್ಪು' ಆಗಿಬಿಡುತ್ತೆ, ಎಲ್ಲಿ 'ಖರ್ಚಿನ ಬಾಬ್ತು' ಆಗಿಬಿಡುತ್ತೆ ಅನ್ನೋದನ್ನ ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಸಿಕ್ಕಿಲ್ಲ. ಇನ್ನೊಂದು, 2025ರ ಡಿಸೆಂಬರ್‌ನಲ್ಲಿ ನಮ್ಮದೇ ವಿಮಾನ ನಿಲ್ದಾಣಗಳಲ್ಲಿ ನಡೆದ ರಂಪ. ಅದಕ್ಕೆ ಆಮೇಲೆ ಬರ್ತೀನಿ.

ಕೊನೆಯ ಕೆಲವು ನಿಮಿಷಗಳು

ಮೊದಲು ಏನಾಯ್ತು ಅಂತ ನೋಡೋಣ. ಇದು ತಾಂತ್ರಿಕ ಅನ್ನಿಸಿದರೂ ದಯವಿಟ್ಟು ಓದಿ. ರಾಜಕೀಯ ಇರೋದು ಈ ವಿವರಗಳ ಒಳಗೇ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡು ರನ್‌ವೇಗಳು. ಮುಖ್ಯವಾದದ್ದು ಸುಮಾರು 12,000 ಅಡಿ ಉದ್ದ. ಅಲ್ಲಿ ಇಳಿಯುವ ವಿಮಾನಕ್ಕೆ ನೆಲದ ಉಪಕರಣಗಳಿಂದ ಎರಡು ಬಗೆಯ ಮಾರ್ಗದರ್ಶನ ಸಿಗುತ್ತೆ: ಎಡ-ಬಲ ಎಷ್ಟು ಸರಿಯಬೇಕು, ಯಾವ ಇಳಿಜಾರಿನಲ್ಲಿ ಇಳಿಯಬೇಕು. ಆ ರಾತ್ರಿ 4ರಿಂದ 5 ಗಂಟೆವರೆಗೆ ದೀಪಗಳ ಕೆಲಸಕ್ಕಾಗಿ ಅದನ್ನು ಮುಚ್ಚಿದ್ದರು. ಉಳಿದಿದ್ದು 18ನೇ ರನ್‌ವೇ, ಸುಮಾರು 7,000 ಅಡಿ. ಅಲ್ಲಿ ಎಡ-ಬಲದ ಸಂಕೇತ ಇತ್ತು, ಇಳಿಜಾರಿನ ಸಂಕೇತ ಇರಲಿಲ್ಲ. ಅಂದರೆ ಎಷ್ಟು ಎತ್ತರದಲ್ಲಿದ್ದೇವೆ, ಯಾವಾಗ ಎಷ್ಟು ಇಳಿಯಬೇಕು ಅನ್ನೋದನ್ನ ಪೈಲಟ್‌ಗಳೇ ವಿಮಾನದ ಕಂಪ್ಯೂಟರ್ ಸಹಾಯದಿಂದ ನೋಡಿಕೊಳ್ಳಬೇಕು. ಅಪಘಾತ ಆಗಿದ್ದು 4.47ಕ್ಕೆ, ಮುಖ್ಯ ರನ್‌ವೇ ತೆರೆಯಬೇಕಿದ್ದಿದ್ದು 5ಕ್ಕೆ. ನಡುವೆ ಇದ್ದದ್ದು 13 ನಿಮಿಷ.

ಕಂಪ್ಯೂಟರ್‌ನಲ್ಲಿ ಇಳಿಯುವ ದಾರಿಯನ್ನು ಸರಿಯಾಗಿ ಜೋಡಿಸಿರಲಿಲ್ಲ. ಹಾಗಾಗಿ ಅದು ಲೆಕ್ಕ ಹಾಕಬೇಕಿದ್ದ ಇಳಿಜಾರನ್ನು ವಿಮಾನ ಹಿಡಿಯಲೇ ಇಲ್ಲ. ಅದನ್ನು ಗಮನಿಸಿದ ಕ್ಯಾಪ್ಟನ್ ಬೇರೆ ವಿಧಾನಕ್ಕೆ ಬದಲಾಯಿಸಿದರು: ನಿಮಿಷಕ್ಕೆ ಇಷ್ಟು ಅಡಿ ಇಳಿ ಅಂತ ನೇರವಾಗಿ ಹೇಳುವ ವಿಧಾನ. ಆದರೆ ಪಕ್ಕದಲ್ಲಿದ್ದವರಿಗೆ ತಕ್ಷಣ ಹೇಳಲಿಲ್ಲ. ಇಳಿಯುವ ವೇಗ ನಿಮಿಷಕ್ಕೆ 1,500 ಅಡಿಗೆ ಏರಿತು. ನೆಲ ಹತ್ತಿರವಾದಾಗ ನಿಮಿಷಕ್ಕೆ 1,000 ಅಡಿ ದಾಟಬಾರದು, ದಾಟಿದರೆ ಆ ಇಳಿಯುವಿಕೆಯನ್ನು ಬಿಟ್ಟು ಮೇಲೇರಿ ಮತ್ತೊಮ್ಮೆ ಬರಬೇಕು ಅನ್ನೋದು ನಿಯಮ. ಅವರು ಬಿಡಲಿಲ್ಲ.

ರನ್‌ವೇ ಕಣ್ಣಿಗೆ ಕಾಣುವವರೆಗೆ ಸಮುದ್ರ ಮಟ್ಟದಿಂದ 1,200 ಅಡಿಗಿಂತ ಕೆಳಗೆ ಹೋಗುವಂತಿರಲಿಲ್ಲ. ಆ ಎತ್ತರ ಹತ್ತಿರ ಬಂತು, ಬಂದಾಯ್ತು ಅಂತ ಕೂಗಿ ಹೇಳೋದು ಫಸ್ಟ್ ಆಫೀಸರ್ ಕೆಲಸ. ಆ ಮಾತು ಬರಲೇ ಇಲ್ಲ. ಮೋಡ ಸುಮಾರು 1,000 ಅಡಿಯಲ್ಲಿ ಮುಗಿಯುತ್ತೆ, ಆಮೇಲೆ ದೀಪ ಕಾಣುತ್ತೆ ಅಂತ ಇಬ್ಬರೂ ನಂಬಿದ್ದರು. ಮೋಡದ ಎತ್ತರ ಅದಕ್ಕಿಂತ ಕೆಳಕ್ಕೂ ಇಳೀತಿದೆ ಅನ್ನೋ ಮಾಹಿತಿ ಅವರ ಕೈಗೆ ಬಂದ ಹವಾಮಾನ ವರದಿಯಲ್ಲಿ ಇರಲಿಲ್ಲ.

ಇಳಿಯುವ ವೇಗ ಹೆಚ್ಚಾಯ್ತು ಅಂತ ಎಚ್ಚರಿಕೆ ಮೊಳಗಿದಾಗ ನೆಲ ಕೇವಲ 250 ಅಡಿಯಷ್ಟು ಕೆಳಗಿತ್ತು. ರನ್‌ವೇ ಕಂಡಿತು ಅಂತ ಕ್ಯಾಪ್ಟನ್ ಹೇಳಿದ ಕೆಲವೇ ಕ್ಷಣಗಳಲ್ಲಿ ಮರಗಳು ಬಡಿದ ಸದ್ದು. 'ನೆಲಕ್ಕೆ ತೀರಾ ಹತ್ತಿರ' ಅನ್ನೋ ಇನ್ನೊಂದು ಎಚ್ಚರಿಕೆ ಬಂದಿದ್ದು ಆ ಸದ್ದಾದ ಮೇಲೆ. ಆ ಉಪಕರಣಕ್ಕೆ ಹೊಸ ಸಾಫ್ಟ್‌ವೇರ್ ಲಭ್ಯ ಇತ್ತು. ಅದನ್ನು ಹಾಕಿದ್ದರೆ ಎಚ್ಚರಿಕೆ ಕೆಲವು ಸೆಕೆಂಡ್ ಮುಂಚೆಯೇ ಬರುತ್ತಿತ್ತು ಅಂತ ತನಿಖೆ ಹೇಳಿತು. ಅಷ್ಟರಿಂದ ಜೀವ ಉಳಿಯುತ್ತಿತ್ತಾ ಅಂತ ಖಚಿತವಾಗಿ ಹೇಳಲು ಮಾತ್ರ ಆಗಲಿಲ್ಲ.

ವರದಿಯ ಒಂದು ಸಾಲು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ (ಎನ್‌ಟಿಎಸ್‌ಬಿ) 2014ರ ಸೆಪ್ಟೆಂಬರ್‌ನಲ್ಲಿ ತನ್ನ ತೀರ್ಮಾನ ಪ್ರಕಟಿಸಿತು. ಸ್ಥಿರವಲ್ಲದ ಇಳಿಯುವಿಕೆಯನ್ನು ಮುಂದುವರಿಸಿದ್ದು, ಎತ್ತರದ ಮೇಲೆ ನಿಗಾ ಇಡದಿದ್ದದ್ದು ಮುಖ್ಯ ಕಾರಣ. ಪೂರಕ ಕಾರಣಗಳ ಪಟ್ಟಿಯಲ್ಲಿ ಕ್ಯಾಪ್ಟನ್‌ನ ಲೋಪಗಳಿಗೆ ದಣಿವು, ಗಮನ ಚದುರುವಿಕೆ ಅಥವಾ ಗೊಂದಲ ಕಾರಣ ಇರಬಹುದು ಅಂತಿದೆ. ಫಸ್ಟ್ ಆಫೀಸರ್ ವಿಷಯದಲ್ಲಿ ದಣಿವು ಇತ್ತು ಅಂತಲೇ ಹೇಳಿದೆ. ಅದಕ್ಕೆ ಎರಡು ಕಾರಣ ಕೊಟ್ಟಿದೆ: ಬಿಡುವಿನ ಸಮಯವನ್ನು ಅವರು ಸರಿಯಾಗಿ ಬಳಸಿಕೊಳ್ಳದೆ ನಿದ್ದೆ ಕಡಿಮೆಯಾಗಿದ್ದು, ಮತ್ತು ದೇಹದ ಒಳಗಡಿಯಾರ.

ಈ ಸಾಲನ್ನು ಓದಿದಾಗ ನನಗೆ ಕಸಿವಿಸಿ ಆಗುತ್ತೆ. ಸುಳ್ಳು ಅನ್ನೋ ಕಾರಣಕ್ಕಲ್ಲ. ತನಿಖೆ ಮಾಡಿದವರು ಅವರ ಓಡಾಟ, ಫೋನ್ ಬಳಕೆ ಎಲ್ಲವನ್ನೂ ಗಂಟೆಗಂಟೆಗೆ ಲೆಕ್ಕ ಹಾಕಿದ್ದಾರೆ. ಮಲಗಲು ಅವಕಾಶ ಇತ್ತು, ಪೂರ್ತಿ ಮಲಗಲಿಲ್ಲ ಅನ್ನೋದು ಆಧಾರ ಇಲ್ಲದ ಮಾತಲ್ಲ. ಆದರೆ ಹಗಲಲ್ಲಿ ಮಲಗಲು ಅವಕಾಶ ಇರೋದು ಬೇರೆ, ನಿದ್ದೆ ಬರೋದು ಬೇರೆ.

ನಾನೂ ಎರಡು ವರ್ಷ ರಾತ್ರಿ ಪಾಳಿ ಮಾಡಿದವನು. ಬೆಳಗ್ಗೆ ಏಳಕ್ಕೆ ರೂಮಿಗೆ ಬಂದು ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗಿದರೆ ಪಕ್ಕದ ಮನೆಯ ಕುಕ್ಕರ್ ವಿಷಲ್, ತರಕಾರಿ ಗಾಡಿ, ಕೊರಿಯರ್ ಹುಡುಗನ ಫೋನು. ಎಂಟು ಗಂಟೆ ಹಾಸಿಗೆ ಮೇಲಿದ್ದರೂ ನಿದ್ದೆ ನಾಲ್ಕು ಗಂಟೆ. ವಾರದ ರಜೆ ಬಂದಾಗ ಎಲ್ಲರಂತೆ ಹಗಲಲ್ಲಿ ಎದ್ದಿರೋಣ ಅನ್ನಿಸುತ್ತೆ, ಗೆಳೆಯರನ್ನ ನೋಡೋಣ ಅನ್ನಿಸುತ್ತೆ. ಅಲ್ಲಿಗೆ ಒಗ್ಗಿದ್ದ ದೇಹ ಮತ್ತೆ ತಿರುಗಿ ಕೂತಿತು. ನಾನು ತಪ್ಪು ಮಾಡಿದರೆ ಹೆಚ್ಚೆಂದರೆ ಒಂದು ಇಮೇಲ್ ತಪ್ಪಾಗುತ್ತಿತ್ತು, ಅಷ್ಟೇ.

ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸಲ್ಲಿ ಹೋದವರಿಗೆ ಗೊತ್ತು. ಶಿರಾಡಿ ಘಾಟಿ ಇಳಿಯುವ ಮುಂಚೆ ಡ್ರೈವರ್ ಟೀಗೆ ನಿಲ್ಲಿಸಿದರೆ ಯಾರೂ ಗೊಣಗಲ್ಲ. ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಮನುಷ್ಯನ ದೇಹ ಅತ್ಯಂತ ಮಂಕಾಗಿರುತ್ತೆ ಅಂತ ವೈಮಾನಿಕ ವಿಜ್ಞಾನ ಹೇಳೋದನ್ನ ನಮ್ಮ ಬಸ್ ಪ್ರಯಾಣಿಕರು ಅನುಭವದಿಂದಲೇ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಳ್ಳಲು ಕಷ್ಟ ಆಗೋದು ಅದಕ್ಕೆ ದುಡ್ಡು ಕೊಡಬೇಕಾದವರಿಗೆ.

ಒಂದು ನಿಯಮ, ಎರಡು ಜಾತಿ

2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ಹತ್ತಿರ ಕೊಲ್ಗನ್ ಏರ್ ಸಂಸ್ಥೆಯ ಪ್ರಯಾಣಿಕ ವಿಮಾನ, ಅದೂ ರಾತ್ರಿ ಇಳಿಯುವ ಹೊತ್ತಲ್ಲೇ, ಬಿದ್ದು 50 ಜನ ಸತ್ತರು. ಸತ್ತವರ ಮನೆಯವರು ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್‌ಗೆ ಮತ್ತೆ ಮತ್ತೆ ಹೋದರು, ಸಂಸದರ ಬಾಗಿಲು ಬಡಿದರು. 2010ರಲ್ಲಿ ಕಾನೂನು ಬಂತು. ಅದರ ಆಧಾರದ ಮೇಲೆ ಅಲ್ಲಿನ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2011ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ದಣಿವಿನ ಬಗ್ಗೆ ಹೊಸ ನಿಯಮ ಪ್ರಕಟಿಸಿತು. ಪಾಳಿ ಶುರುವಾಗುವ ಹೊತ್ತಿನ ಮೇಲೆ ಕೆಲಸದ ಅವಧಿ 9ರಿಂದ 14 ಗಂಟೆ. ರಾತ್ರಿ ಶುರುವಾದರೆ ಕಡಿಮೆ. ಪಾಳಿಗೆ ಮುಂಚೆ ಕನಿಷ್ಠ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗುವ ಅವಕಾಶ. ನಿದ್ದೆಯ ವಿಜ್ಞಾನ ಮೊದಲ ಸಲ ನಿಯಮದೊಳಗೆ ಗಟ್ಟಿಯಾಗಿ ಬಂತು.

ಆದರೆ ಕೊನೆ ಘಳಿಗೆಯಲ್ಲಿ ಸರಕು ವಿಮಾನಗಳನ್ನು ಹೊರಗಿಟ್ಟರು. ಮೊದಲ ಕರಡಿನಲ್ಲಿ ಅವೂ ಇದ್ದವು. ಅಂತಿಮ ನಿಯಮದಲ್ಲಿ 'ಬೇಕಿದ್ದರೆ ಸೇರಿಕೊಳ್ಳಿ' ಅಂತಾಯ್ತು. ರಾತ್ರಿಯಿಡೀ ಹಾರುವುದೇ ಕೆಲಸವಾಗಿರುವವರಿಗೆ ರಾತ್ರಿಯ ದಣಿವಿನ ನಿಯಮ ಇಲ್ಲ!

ಕಾರಣ ಮುಚ್ಚಿಟ್ಟದ್ದಲ್ಲ, ದಾಖಲೆಯಲ್ಲೇ ಇದೆ. ಲಾಭ-ವೆಚ್ಚದ ಲೆಕ್ಕ. ಸರಕು ಕಂಪನಿಗಳಿಗೆ ಈ ನಿಯಮ ಹೇರಿದರೆ ತಗಲುವ ಖರ್ಚು 20 ಕೋಟಿ ಡಾಲರ್‌ಗೂ ಮೇಲೆ. ಒಂದು ಸರಕು ವಿಮಾನ ಬೀಳುವುದನ್ನು ತಪ್ಪಿಸಿದರೆ ಸಮಾಜಕ್ಕಾಗುವ ಲಾಭ ಸುಮಾರು 2ರಿಂದ 3 ಕೋಟಿ ಡಾಲರ್. ಯಾಕಂದ್ರೆ ಅದರೊಳಗೆ ಇರೋದೇ ಎರಡು ಮೂರು ಜನ. ಪ್ರಯಾಣಿಕ ವಿಮಾನದಲ್ಲಾದರೆ ನೂರಾರು ಜೀವ, ಹಾಗಾಗಿ ಲೆಕ್ಕ ಹೊಂದುತ್ತೆ. ಕಾರ್ಗೋದಲ್ಲಿ ಹೊಂದಲ್ಲ. ಸರಳವಾಗಿ ಹೇಳೋದಾದ್ರೆ, ಪೈಲಟ್‌ನ ನಿದ್ದೆಗೆ ಬೆಲೆ ಇರೋದು ಅವನ ಹಿಂದೆ ಎಷ್ಟು ಜನ ಕೂತಿದ್ದಾರೆ ಅನ್ನೋದರ ಮೇಲೆ.

ಯುಪಿಎಸ್ ಪೈಲಟ್‌ಗಳ ಸಂಘ ಕೋರ್ಟಿಗೆ ಹೋಯಿತು. ನಿಯಮ ಮಾಡುವಾಗ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಸಂಸತ್ತು ಹೇಳಿಲ್ಲ ಅಂದ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ 2016ರ ಜನವರಿಯಲ್ಲಿ ಎಫ್‌ಎಎ ಪರವಾಗಿಯೇ ತೀರ್ಪು ಕೊಟ್ಟಿತು. ಈ ವಿನಾಯಿತಿ ತೆಗೆಯುವ ಮಸೂದೆಗಳು ಅಲ್ಲಿನ ಸಂಸತ್ತಿನಲ್ಲಿ ಹಲವು ಸಲ ಮಂಡನೆಯಾದವು, ದಡ ಸೇರಲಿಲ್ಲ.

ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಹೊಸ ನಿಯಮ ಇದ್ದಿದ್ದರೆ 1354 ಬೀಳುತ್ತಿರಲಿಲ್ಲ ಅಂತ ನಾನು ವಾದ ಮಾಡ್ತಿಲ್ಲ. ಅದು ಜಾರಿಗೆ ಬಂದಿದ್ದೇ 2014ರ ಜನವರಿಯಲ್ಲಿ. ಅಪಘಾತದ ದಿನ ಪ್ರಯಾಣಿಕ ವಿಮಾನಗಳಿಗೂ ಅದು ಅನ್ವಯ ಆಗುತ್ತಿರಲಿಲ್ಲ. ಕಂಪನಿಗಳ ಕಡೆಯ ವಾದದಲ್ಲೂ ಸ್ವಲ್ಪ ಹುರುಳಿದೆ: ಕಾರ್ಗೋ ಪೈಲಟ್‌ಗಳ ಹಾರಾಟದ ಗಂಟೆ ಕಡಿಮೆ, ಮಧ್ಯೆ ಬಿಡುವು ಜಾಸ್ತಿ, ಮಲಗಲು ಕೋಣೆಗಳಿವೆ, ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಲು ಆಗಲ್ಲ ಅಂತಾರೆ. ಸರಿ, ಬೇರೆ ಅಳತೆಯ ಅಂಗಿ ಹೊಲಿಯಿರಿ. ಇಲ್ಲಿ ಆಗಿದ್ದು ಅಂಗಿಯನ್ನೇ ಕೊಡದೆ ಹಳೆ ಬಟ್ಟೆಯಲ್ಲೇ ಇರು ಅಂದಿದ್ದು.

ನೆಲದ ಮೇಲಿದ್ದವರು ಲೆಕ್ಕಕ್ಕಿಲ್ವಾ?

ಆ ಲೆಕ್ಕದಲ್ಲಿ ಮಾನವೀಯತೆಯ ಪ್ರಶ್ನೆ ಬಿಟ್ಟು ಬರೀ ಗಣಿತ ನೋಡಿದರೂ ತಪ್ಪಿದೆ. ಸರಕು ವಿಮಾನ ಬಿದ್ದರೆ ಸಾಯೋದು ಒಳಗಿನ ಇಬ್ಬರು ಮಾತ್ರ ಅನ್ನೋ ನಂಬಿಕೆ ಅದರ ಅಡಿಪಾಯ. ವಿಮಾನಗಳು ಬೀಳೋದು ಖಾಲಿ ಜಾಗ ನೋಡಿಕೊಂಡಲ್ಲ.

1992ರ ಅಕ್ಟೋಬರ್‌ನಲ್ಲಿ ಎಲ್ ಆಲ್ ಸಂಸ್ಥೆಯ ಸರಕು ವಿಮಾನ ಆಮ್‌ಸ್ಟರ್‌ಡ್ಯಾಮ್‌ನ ವಸತಿ ಕಟ್ಟಡಗಳ ಮೇಲೆ ಬಿತ್ತು. ಸತ್ತ 43 ಜನರಲ್ಲಿ 39 ಜನ ತಮ್ಮ ಮನೆಗಳಲ್ಲಿದ್ದವರು. 2017ರ ಜನವರಿಯಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಮುಂಜಾನೆಯ ಮಂಜಿನಲ್ಲಿ ಇಳಿಯಲು ಹೊರಟ ಬೋಯಿಂಗ್ 747 ಸರಕು ವಿಮಾನ ರನ್‌ವೇ ದಾಟಿ ಹಳ್ಳಿಯೊಂದರ ಮೇಲೆ ಬಿತ್ತು. ವಿಮಾನದೊಳಗೆ ನಾಲ್ವರು, ನೆಲದ ಮೇಲೆ 35 ಜನ ಸತ್ತರು. 2024ರ ನವೆಂಬರ್‌ನಲ್ಲಿ ಲಿಥುವೇನಿಯಾದ ವಿಲ್ನಿಯಸ್ ಹತ್ತಿರ ನಸುಕಿನಲ್ಲಿ ಇಳಿಯುತ್ತಿದ್ದ ಸರಕು ವಿಮಾನ ಮನೆಯೊಂದರ ಪಕ್ಕ ಬಿತ್ತು. ಮನೆಯವರು ಬದುಕಿದ್ದು ಅದೃಷ್ಟ. 2025ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಬೆಳಗಿನ ಜಾವ ಇಳಿದ ಸರಕು ವಿಮಾನ ರನ್‌ವೇ ಬಿಟ್ಟು ಗಸ್ತು ವಾಹನವೊಂದನ್ನು ಸಮುದ್ರಕ್ಕೆ ತಳ್ಳಿತು. ಪೈಲಟ್‌ಗಳು ಬದುಕಿದರು, ಗಸ್ತಿನಲ್ಲಿದ್ದ ಇಬ್ಬರು ಭದ್ರತಾ ಸಿಬ್ಬಂದಿ ಸತ್ತರು. ಮುಂದಿನ ತಿಂಗಳೇ, 1354 ಹೊರಟಿದ್ದ ಅದೇ ಲೂಯಿವಿಲ್‌ನಲ್ಲಿ, ಮೇಲೇರುವಾಗ ಎಂಜಿನ್ ಕಳಚಿದ ಯುಪಿಎಸ್ ವಿಮಾನ ಬಿದ್ದು ನೆಲದ ಮೇಲಿದ್ದ ಹತ್ತಕ್ಕೂ ಹೆಚ್ಚು ಜನ ಸತ್ತರು.

ಇವೆಲ್ಲ ದಣಿವಿನಿಂದ ಆದವು ಅಂತಲ್ಲ. ಒಂದೊಂದಕ್ಕೆ ಒಂದೊಂದು ಕಾರಣ. ನನ್ನ ಮಾತಿಷ್ಟೇ: 'ಕಾರ್ಗೋ ಬಿದ್ದರೆ ಹೋಗೋದು ಇಬ್ಬರ ಜೀವ' ಅನ್ನೋ ಲೆಕ್ಕ ಬರೆದವರು ರನ್‌ವೇ ಪಕ್ಕದಲ್ಲಿ ಯಾರು ಬದುಕುತ್ತಾರೆ, ಯಾರು ಕೆಲಸ ಮಾಡುತ್ತಾರೆ ಅಂತ ನೋಡಲೇ ಇಲ್ಲ.

ನಮ್ಮ ಮಂಗಳೂರು, ನಮ್ಮ ಡಿಸೆಂಬರ್

ಈಗ ಮನೆಗೆ ಬರೋಣ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದಿದ್ದು 8. ಕರಾವಳಿಯಲ್ಲಿ ಆ ಪಟ್ಟಿಯಲ್ಲಿ ಪರಿಚಯದವರ ಹೆಸರು ಇಲ್ಲದ ಊರು ಕಮ್ಮಿ. ತನಿಖೆ ಏನು ಹೇಳಿತು? ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ದೆಯಲ್ಲಿದ್ದರು, ಅವರ ಗೊರಕೆ ಧ್ವನಿಮುದ್ರಣದಲ್ಲಿತ್ತು. ಎದ್ದ ಮೇಲಿನ ಮಂಪರಿನಲ್ಲಿ, ಅತಿ ಎತ್ತರದಿಂದ ಅತಿ ವೇಗವಾಗಿ ಇಳಿದರು. ಬಿಟ್ಟು ಮೇಲೇರೋಣ ಅಂತ ಫಸ್ಟ್ ಆಫೀಸರ್ ಮತ್ತೆ ಮತ್ತೆ ಹೇಳಿದರೂ ಬಿಡಲಿಲ್ಲ. ಸುಮಾರು 8,000 ಅಡಿಯ ರನ್‌ವೇನಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ಬರ್ಮಿಂಗ್‌ಹ್ಯಾಮ್‌ನ ಇಬ್ಬರು, ಮಂಗಳೂರಿನ 158 ಜನ. ಸಂಖ್ಯೆ ಬೇರೆ ಬೇರೆ. ಕಾಕ್‌ಪಿಟ್‌ನೊಳಗೆ ನಡೆದಿದ್ದಕ್ಕೆ ಮಾತ್ರ ಬಹಳ ಹೋಲಿಕೆ ಇದೆ: ಮಂಕಾದ ಮೆದುಳು, ಕೈಬಿಡಬೇಕಿದ್ದ ಇಳಿಯುವಿಕೆ, ಹಟದಿಂದಲೋ ಮಂಪರಿನಿಂದಲೋ ಮುಂದುವರಿಕೆ. ದಣಿವಿಗೆ ಪ್ಯಾಸೆಂಜರ್, ಕಾರ್ಗೋ ಅನ್ನೋ ಭೇದ ಗೊತ್ತಿಲ್ಲ.

ಹಾಗಾದರೆ ಮಂಗಳೂರಿನ ನಂತರ ನಾವು ಕಲಿತೆವಾ? ನಮ್ಮ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದಿತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. 'ರಾತ್ರಿ' ಅಂದರೆ ಬೆಳಗ್ಗೆ 5ರವರೆಗೆ ಅಂತಿದ್ದದ್ದು 6ರವರೆಗೆ ಆಯ್ತು. ರಾತ್ರಿ ಇಳಿಯುವಿಕೆಗಳು 6ರಿಂದ 2ಕ್ಕೆ ಇಳಿದವು. ಆ ವರ್ಷ ಜೂನ್‌ನಿಂದ ಜಾರಿಯಾಗಬೇಕಿತ್ತು. ಕಂಪನಿಗಳ ಒತ್ತಡದ ನಡುವೆ ಮುಂದಕ್ಕೆ ಹೋಯಿತು. ಪೈಲಟ್‌ಗಳ ಸಂಘಗಳ ಪ್ರಕರಣ ದೆಹಲಿ ಹೈಕೋರ್ಟ್‌ನಲ್ಲಿದ್ದಾಗ ಎರಡು ಹಂತದ ವೇಳಾಪಟ್ಟಿ ಬಂತು: 2025ರ ಜುಲೈ 1 ಮತ್ತು ನವೆಂಬರ್ 1.

ಆಮೇಲೆ ಏನಾಯ್ತು ಅಂತ ನೀವೇ ನೋಡಿದ್ದೀರಿ. ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ವಿಮಾನ ರದ್ದು ಮಾಡಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು. ಕೆಂಪೇಗೌಡ ನಿಲ್ದಾಣದಲ್ಲಿ ಸೂಟ್‌ಕೇಸ್ ಮೇಲೆ ತಲೆಯಿಟ್ಟು ಜನ ಮಲಗಿದರು. ನಿಯಮ ಬರುತ್ತೆ ಅಂತ ಸುಮಾರು ಎರಡು ವರ್ಷದಿಂದ ಗೊತ್ತಿದ್ದ ಕಂಪನಿ ಅದಕ್ಕೆ ಬೇಕಾದಷ್ಟು ಪೈಲಟ್‌ಗಳ ವ್ಯವಸ್ಥೆ ಮಾಡಿಕೊಂಡಿರಲಿಲ್ಲ. ಶಿಕ್ಷೆಯ ಮಾತು ಬರುವ ಮುಂಚೆಯೇ ವಿನಾಯಿತಿ ಬಂತು: ರಾತ್ರಿ ಪಾಳಿಯ ಕೆಲವು ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ.

ಆ ವಾರ ನನ್ನ ವಾಟ್ಸಾಪ್ ಗುಂಪುಗಳಲ್ಲಿ ಕಂಪನಿಗೆ ಬೈದವರು ಬಹಳ ಜನ. ಅದರ ಜೊತೆಗೆ 'ಪೈಲಟ್‌ಗಳಿಗೆ ಇಷ್ಟೊಂದು ರಜೆ ಯಾಕೆ' ಅಂತ ಕೇಳಿದವರೂ ಇದ್ದರು. ನಾವು ತಪ್ಪಿದ್ದು ಇಲ್ಲೇ. ವಿಮಾನ ರದ್ದಾದರೆ ಕಣ್ಣಿಗೆ ಕಾಣುತ್ತೆ, ವಿಡಿಯೊ ಆಗುತ್ತೆ, ಸರ್ಕಾರ ಬೆವರುತ್ತೆ. ಪೈಲಟ್ ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದರಿಂದ ಬೀಳದೇ ಇದ್ದ ವಿಮಾನ ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ಪ್ರತಿ ಸಲ ಹಿಂದೆ ಸರಿಯೋದು ನಿದ್ದೆಯ ನಿಯಮವೇ.

ಕೇಳಬೇಕಾದ ಪ್ರಶ್ನೆ

ರಾತ್ರಿ ಹನ್ನೊಂದಕ್ಕೆ ಆರ್ಡರ್ ಒತ್ತಿ ಮರುದಿನ ಬಾಗಿಲಿಗೆ ಬರಬೇಕು ಅನ್ನೋ ತಲೆಮಾರು ನಮ್ಮದು. ಆ 'ಮರುದಿನ' ಅನ್ನೋದನ್ನ ಯಾರೋ ರಾತ್ರಿಯೆಲ್ಲ ಎದ್ದು ತಯಾರಿಸುತ್ತಾರೆ: ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು, ಹೆದ್ದಾರಿಯಲ್ಲಿ ಲಾರಿ ಓಡಿಸುವವರು, ಮೋಡದೊಳಗೆ ರನ್‌ವೇ ಹುಡುಕುವವರು. ಆರ್ಡರ್ ಮಾಡಬೇಡಿ ಅಂತ ನಾನು ಉಪದೇಶ ಮಾಡಲ್ಲ. ನಾನೂ ಮಾಡ್ತೀನಿ. ವ್ಯವಸ್ಥೆಯ ಸಮಸ್ಯೆಯನ್ನು ಗ್ರಾಹಕರ ಪಾಪಪ್ರಜ್ಞೆಗೆ ಇಳಿಸೋದು, ಪೈಲಟ್‌ನ ದಣಿವನ್ನು 'ಸಮಯ ನಿರ್ವಹಣೆ'ಗೆ ಇಳಿಸಿದಷ್ಟೇ ಸುಲಭದ ಜಾಣತನ.

ಕೇಳಬೇಕಾದ್ದು ಬೇರೆ. ವಿನಾಯಿತಿ ಕೊಟ್ಟಾಗ ಯಾವ ವೈಜ್ಞಾನಿಕ ಆಧಾರದ ಮೇಲೆ ಕೊಟ್ಟಿರಿ ಅಂತ ಡಿಜಿಸಿಎ ಬರೆದು ಪ್ರಕಟಿಸಲಿ. ದಣಿವಾಗಿದೆ, ಹಾರಲ್ಲ ಅಂದ ಪೈಲಟ್‌ಗಳು ಎಷ್ಟು, ಅವರಿಗೆ ಆಮೇಲೆ ಏನಾಯ್ತು ಅನ್ನೋ ಅಂಕಿ-ಅಂಶ ಕಂಪನಿವಾರು ಹೊರಬರಲಿ. ರಾತ್ರಿ ಸರಕು ಸಾಗಿಸುವವರಿಗೆ ಯಾವ ನಿಯಮ ಅನ್ವಯ, ಎಷ್ಟು ಪಾಲನೆ ಅಂತ ನಮ್ಮ ಸಂಸದರು ಸದನದಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಲಿ. ಕೊಲ್ಗನ್ ದುರಂತದ ಕುಟುಂಬಗಳು ತೋರಿಸಿದ್ದು ಅದನ್ನೇ: ಬಿಡದೆ ಕೇಳಿದರೆ ಕಾನೂನು ಬರುತ್ತೆ. ಕಾರ್ಗೋ ಪೈಲಟ್‌ಗಳ ಪರ ಕೇಳಲು ಅಂಥ ದೊಡ್ಡ ಗುಂಪು ಇರಲಿಲ್ಲ, ಅವರ ಹಿಂದೆ ಕೂತಿದ್ದದ್ದು ಬರೀ ಪೆಟ್ಟಿಗೆಗಳು.

ಆ ಪೆಟ್ಟಿಗೆಗಳ ಮೇಲೆ ವಿಳಾಸ ಇತ್ತು. ನಮ್ಮಂಥವರದ್ದೇ. ಆ ಲೆಕ್ಕದಲ್ಲಿ ನಾವೂ ಇದ್ದೇವೆ, ಹಾಗಾಗಿ ಅದನ್ನು ಪ್ರಶ್ನೆ ಮಾಡುವ ಹಕ್ಕೂ ನಮಗಿದೆ.